ಕರೆಂಟ್ ಉಳಿತಾಯದ ಪಾಲುಗಾರಿಕೆ: ರಾಶಿ ಅಳೆಯುವಾಗ ಕಣದಲ್ಲಿರೋಣ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿ ಹಬ್ಬದ ದಿನ ಎಲ್ಲರೂ ಸಂಘದ ಸಾಧನೆ ಹೇಳುವುದು ರೂಢಿ. ಎಷ್ಟು ಸಾಲ ಕೊಟ್ಟೆವು, ಎಷ್ಟು ಗೊಬ್ಬರ ಹಂಚಿದೆವು, ಠೇವಣಿ ಎಲ್ಲಿಂದ ಎಲ್ಲಿಗೆ ಏರಿತು ಎಂಬುದೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿದೆ. ಅದನ್ನೇ ಮತ್ತೆ ಹೇಳಿ ನಿಮ್ಮನ್ನು ಬಿಸಿಲಾಗ ಕೂಡಿಸುವುದು ಸರಿಯಲ್ಲ. ನಾವು ಇವತ್ತು ಒಂದು ಹಳೆಯ ತಪ್ಪು ಒಪ್ಪಿಕೊಳ್ಳುವುದಿದೆ, ಒಂದು ಹೊಸ ವಿಚಾರ ನಿಮ್ಮ ಮುಂದೆ ಇಡುವುದಿದೆ. ಎರಡೂ ಕರೆಂಟಿಗೆ ಸಂಬಂಧಪಟ್ಟವು.

ಮೊದಲು ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ಸಂಘದ ಹಿಟ್ಟಿನ ಗಿರಣಿಯ ಬಿಲ್ಲು ಏರುತ್ತಾ ಹೋದಾಗ ಒಬ್ಬ ವ್ಯಾಪಾರಿ ಬಂದ. ಕೈಯಲ್ಲೊಂದು ಡಬ್ಬಿ. "ಇದನ್ನ ಬೋರ್ಡಿಗೆ ಕೂಡಿಸ್ರಿ, ಬಿಲ್ಲು ಮೂರರಾಗ ಒಂದು ಪಾಲು ಇಳೀತದ, ಇಳಿದದ್ದರಾಗ ನನಗ ಅರ್ಧ ಕೊಡ್ರಿ" ಅಂದ. ಮಾತು ಚೆಂದ ಕೇಳಿಸಿತು. ಡಬ್ಬಿ ಕೂಡಿಸಿ ಅಂಪಿಯರ್ ಮೀಟರ್ ತೋರಿಸಿದ, ಮುಳ್ಳು ಕಣ್ಣೆದುರಿಗೇ ಇಳಿಯಿತು. ನಾವು ಚಪ್ಪಾಳೆ ಹೊಡೆದು ಮುಂಗಡ ಕೊಟ್ಟೆವು. ತಿಂಗಳಾದ ಮೇಲೆ ಬಿಲ್ಲು ಬಂತು, ಯೂನಿಟ್ ಇದ್ದಲ್ಲೇ ಇದ್ದವು. ಅಷ್ಟೊತ್ತಿಗೆ ಆತ ಊರು ಬಿಟ್ಟಿದ್ದ.

ಆಮೇಲೆ ತಿಳಿದವರು ಬಿಡಿಸಿ ಹೇಳಿದರು. ಆ ಡಬ್ಬಿಯಲ್ಲಿ ಇದ್ದದ್ದು ಬರೀ ಕೆಪಾಸಿಟರ್. ಕೆಪಾಸಿಟರ್ ಕೂಡಿಸಿದರೆ ತಂತಿಯಲ್ಲಿ ಹರಿಯುವ ಅಂಪಿಯರ್ ಇಳಿಯುತ್ತದೆ, ಅದು ಸುಳ್ಳಲ್ಲ. ಪವರ್ ಫ್ಯಾಕ್ಟರ್ ಕಡಿಮೆಯಾಗಿ ದಂಡ ಬೀಳುತ್ತಿದ್ದರೆ ಆ ದಂಡವೂ ತಪ್ಪುತ್ತದೆ. ಆದರೆ ಮೀಟರ್ ಎಣಿಸುವ ಯೂನಿಟ್ ಇಳಿಯುವುದಿಲ್ಲ. ಜೋಳ ಬೀಸಲಿಕ್ಕೆ ಬೇಕಾದ ಶಕ್ತಿ ಬೇಕೇ ಬೇಕು. ಆತ ತೋರಿಸಿದ್ದು ಒಂದು ಅಳತೆ, ನಾವು ದುಡ್ಡು ಕಟ್ಟುವುದು ಇನ್ನೊಂದು ಅಳತೆಗೆ. ಅದನ್ನು ಕೇಳದೆ ಸಹಿ ಹಾಕಿದ್ದು ನಮ್ಮ ತಪ್ಪು.

ಹೋದ ದುಡ್ಡು ದೊಡ್ಡದಲ್ಲ. ಆದರೆ ಆ ವರ್ಷದ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಹೊಲ ಪಾಲಿಗೆ ಹಚ್ಚಿದಾಗ ರಾಶಿ ದಿವಸ ಯಾರ ಮನ್ಯಾಗ ಕುಂತಿರ್ತೀರಿ? ಕಣದಾಗ ಇರ್ತೀರೋ ಇಲ್ಲೋ? ಸಂಘದ ರಾಶಿ ಅಳಿಯೂವಾಗ ಯಾಕ ಇರಲಿಲ್ಲ?" ನಮಗೆ ಉತ್ತರ ಇರಲಿಲ್ಲ. ಆ ಹಿರಿಯರು ತಮ್ಮ ಠೇವಣಿ ತೆಗೆದುಕೊಂಡು ಹೋದರು. ಇವತ್ತಿನ ಮಾತೆಲ್ಲ ಅವರಿಗೆ ಕೊಡುವ ಉತ್ತರ ಎಂದು ತಿಳಿಯಿರಿ.

ಈಗ ಹೊಸ ವಿಚಾರ. ಕರೆಂಟ್ ಉಳಿಸುವ ಕೆಲಸವನ್ನೇ ಹೊರಗಿನ ಕಂಪನಿಗೆ ವಹಿಸಿಕೊಡುವ ಪದ್ಧತಿ ದೇಶದಲ್ಲಿ ನಡೆದಿದೆ. ಕಂಪನಿಯವರು ತಮ್ಮ ಬಂಡವಾಳ ಹಾಕಿ ಹಳೆಯ ಪಂಪು, ಮೋಟಾರು, ದೀಪ ತೆಗೆದು ಒಳ್ಳೆಯವು ಕೂಡಿಸುತ್ತಾರೆ. ಎಷ್ಟು ಯೂನಿಟ್ ಉಳಿಯಿತೋ ಅದರ ಬೆಲೆಯಲ್ಲಿ ಒಪ್ಪಿದ ವರ್ಷಗಳವರೆಗೆ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಉಳಿಯದಿದ್ದರೆ ಅವರಿಗೆ ಏನೂ ಸಿಗುವುದಿಲ್ಲ. ಅವಧಿ ಮುಗಿದ ಮೇಲೆ ಸಾಮಾನೂ ನಮ್ಮದು, ಉಳಿತಾಯವೂ ನಮ್ಮದು. ಹೊಲ ಪಾಲಿಗೆ ಹಚ್ಚಿದ ಹಾಗೆಯೇ ಇದು. ಇದರಲ್ಲಿ ಎರಡು ಬಗೆ. ಒಂದರಲ್ಲಿ ಬಂಡವಾಳ ಕಂಪನಿಯದು, ಉಳಿತಾಯ ಹಂಚಿಕೆ. ಇನ್ನೊಂದರಲ್ಲಿ ಬ್ಯಾಂಕಿನ ಸಾಲ ನಮ್ಮ ಹೆಸರಿನಲ್ಲಿ, ಕಂಪನಿ "ಇಷ್ಟು ಉಳಿದೇ ಉಳೀತದ, ಕಡಿಮೆ ಬಿದ್ದರ ನಾವು ತುಂಬ್ತೀವಿ" ಎಂದು ಖಾತ್ರಿ ಬರೆದುಕೊಡುತ್ತದೆ. ಮೊದಲನೆಯದರಲ್ಲಿ ನಮ್ಮ ತಲೆಯ ಮೇಲೆ ಸಾಲದ ಭಾರವಿಲ್ಲ. ಎರಡನೆಯದರಲ್ಲಿ ಉಳಿತಾಯದ ಹೆಚ್ಚಿನ ಪಾಲು ನಮಗೆ, ಆದರೆ ಸಾಲದ ಹೊಣೆಯೂ ನಮ್ಮದೇ.

ಇದು ನಿನ್ನೆ ಮೊನ್ನೆ ಹುಟ್ಟಿದ್ದೇನಲ್ಲ. ಉಗಿಯಂತ್ರದ ಜೇಮ್ಸ್ ವಾಟ್ ಹೆಸರನ್ನು ಶಾಲೆಯಲ್ಲಿ ಓದಿದ್ದೇವೆ. ಆತ ಮತ್ತು ಆತನ ಪಾಲುದಾರ ಮ್ಯಾಥ್ಯೂ ಬೋಲ್ಟನ್ 1775ರಲ್ಲಿ ಕೂಡಿ ವ್ಯಾಪಾರ ಶುರು ಮಾಡಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ತಾಮ್ರ, ತವರದ ಗಣಿಗಳು. ಗಣಿಯೊಳಗೆ ಬಸಿಯುವ ನೀರು ಎತ್ತಿ ಹೊರಗೆ ಹಾಕಬೇಕು. ಅಂದರೆ ಅವರದೂ ನಮ್ಮ ಹಾಗೆ ಆಳದ ನೀರಿನ ಪಾಡೇ. ಹಳೆಯ ನ್ಯೂಕೊಮೆನ್ ಯಂತ್ರ ಕಲ್ಲಿದ್ದಲು ವಿಪರೀತ ನುಂಗುತ್ತಿತ್ತು. ವಾಟ್ ಮತ್ತು ಬೋಲ್ಟನ್ ಹೇಳಿದ್ದು ಇಷ್ಟೇ: ನಮ್ಮ ಯಂತ್ರ ಕೂಡಿಸಿರಿ, ಹಳೆಯದಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ನಮಗೆ ಕೊಡಿರಿ. ಯಂತ್ರ ಎಷ್ಟು ಸಲ ಏರಿ ಇಳಿಯಿತು ಎಂದು ಎಣಿಸಲು ಒಂದು ಲೆಕ್ಕದ ಪೆಟ್ಟಿಗೆ ಕೂಡಿಸಿ ಬೀಗ ಹಾಕಿದ್ದರು.

ಆದರೂ ಜಗಳ ತಪ್ಪಲಿಲ್ಲ. ಯಂತ್ರ ಒಳ್ಳೆಯದಿತ್ತು, ಉಳಿತಾಯವೂ ನಿಜವಿತ್ತು. ಹಾಗಿದ್ದೂ ವರ್ಷ ಕಳೆದ ಹಾಗೆ ಗಣಿಯವರಿಗೆ ಆ ಪಾಲು ಕೊಡುವುದು ಭಾರವಾಯಿತು, ಹಲವರು ಕೊಡುವುದನ್ನೇ ನಿಲ್ಲಿಸಿದರು, ಕೋರ್ಟು ಕಚೇರಿ ಆಯಿತು. 1800ರಲ್ಲಿ ವಾಟನ ಹಕ್ಕಿನ ಅವಧಿ ಮುಗಿಯಿತು. ಮುಂದೆ ಆದದ್ದು ನಮಗೆ ದೊಡ್ಡ ಪಾಠ. 1811ರಿಂದ ಜೋಯೆಲ್ ಲೀನ್ ಎಂಬ ಗಣಿ ಮೇಲ್ವಿಚಾರಕ ತಿಂಗಳು ತಿಂಗಳು ಒಂದು ಪಟ್ಟಿ ಅಚ್ಚು ಹಾಕಿಸತೊಡಗಿದ. ಯಾವ ಗಣಿಯ ಯಂತ್ರ ಒಂದು ಅಳತೆ ಕಲ್ಲಿದ್ದಲಿಗೆ ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಎತ್ತಿತು ಎಂಬ ಪಟ್ಟಿ. ಎಲ್ಲರ ಲೆಕ್ಕ ಎಲ್ಲರೂ ನೋಡುವಂತಾಯಿತು. "ಅವರದು ಅಷ್ಟು ಎತ್ತತದ, ನಮ್ಮದ್ಯಾಕ ಎತ್ತೂದಿಲ್ಲ" ಎಂದು ಪೈಪೋಟಿ ಹುಟ್ಟಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಕಾರ್ನ್‌ವಾಲ್ ಯಂತ್ರಗಳ ಕೆಲಸ ಹಲವು ಪಟ್ಟು ಸುಧಾರಿಸಿತು. ಬೀಗ ಹಾಕಿದ ಪೆಟ್ಟಿಗೆಯಿಂದ ಜಗಳ ಹುಟ್ಟಿದ್ದ ಊರಲ್ಲಿ, ತೆರೆದ ಪಟ್ಟಿಯಿಂದ ಸುಧಾರಣೆ ಬಂತು.

ಈಗ ನಮ್ಮ ಮಗ್ಗುಲಿಗೆ ಬರೋಣ. ಚಡಚಣ ದಾಟಿ ಗಡಿಯಾಚೆ ಹೋದರೆ ಮಂಗಳವೇಢೆ. ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದ ಊರು ಎಂದು ನಮಗೆಲ್ಲ ಗೊತ್ತು. ರೈತರ ಪಂಪ್‌ಸೆಟ್ ಬದಲಿಸಿ ಕರೆಂಟ್ ಉಳಿಸುವ ತಮ್ಮ ಮೊದಲ ಪ್ರಾಯೋಗಿಕ ಯೋಜನೆಗೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋದವರು ಆರಿಸಿದ್ದು ಅದೇ ಮಂಗಳವೇಢೆಯನ್ನು. 2009ರಲ್ಲಿ ಅದು ಶುರುವಾಯಿತು. ಬ್ರಹ್ಮಪುರಿ, ನಂದೇಶ್ವರ, ಬೋರಾಳೆ ಮುಂತಾದ ಫೀಡರುಗಳ ಮೇಲಿನ 2209 ಹಳೆಯ ಪಂಪು ತೆಗೆದು ಸ್ಟಾರ್ ಗುರುತಿನ ಪಂಪು ಕೂಡಿಸಿದರು. ರೈತನಿಂದ ಪಂಪಿನ ಬೆಲೆ ಕೇಳಲಿಲ್ಲ, ಐದು ವರ್ಷದ ರಿಪೇರಿಯೂ ಗುತ್ತಿಗೆಯಲ್ಲೇ ಸೇರಿತ್ತು.

ಕರ್ನಾಟಕದಲ್ಲಿ ದೊಡ್ಡಬಳ್ಳಾಪುರದ ಕಡೆ ಬೆಸ್ಕಾಂನವರು ಅಮೆರಿಕದ ನೆರವಿನ ವೆನೆಕ್ಸಾ ಯೋಜನೆಯಲ್ಲಿ ಖಾಸಗಿ ಕಂಪನಿಯೊಂದಕ್ಕೆ ಇಂಥದೇ ಕೆಲಸ ವಹಿಸಿದ್ದರು. ಆಮೇಲೆ 2009ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ನಾಲ್ಕು ವಿದ್ಯುತ್ ಸಂಸ್ಥೆಗಳು ಕೂಡಿ ಇ.ಇ.ಎಸ್.ಎಲ್. ಎಂಬ ಕಂಪನಿಯನ್ನೇ ಕಟ್ಟಿದವು. ಕರೆಂಟ್ ಉಳಿಸಿಕೊಟ್ಟು ಉಳಿತಾಯದಿಂದ ಬಂಡವಾಳ ವಾಪಸು ಪಡೆಯುವುದೇ ಅದರ ಕಸುಬು. ಅದು ಮಂಡ್ಯ ಜಿಲ್ಲೆಯಲ್ಲಿ 1337 ಪಂಪು ಬದಲಿಸಿತು. ನಮ್ಮ ಹೆಸ್ಕಾಂನ ವ್ಯಾಪ್ತಿಯಲ್ಲಿಯೇ ನಿಪ್ಪಾಣಿ ಮತ್ತು ಬ್ಯಾಡಗಿಯಲ್ಲಿ 590 ಪಂಪ್‌ಸೆಟ್ಟಿಗೆ ಯೋಜನೆ ಮಾಡಿತು. 2015ರಲ್ಲಿ ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಹೆಸರಿನಿಂದ ಮನೆ ಮನೆಗೆ ಬಂದ ಎಲ್.ಇ.ಡಿ. ಬಲ್ಬು ನೆನಪಿದೆಯಲ್ಲ? ಅದೂ ಇದೇ ಕಂಪನಿಯ ಕೆಲಸ. ಎಲ್.ಇ.ಡಿ. ಬಲ್ಬನ್ನು 2014ರ ಮೊದಲಲ್ಲಿ ಅದು ಸುಮಾರು 310 ರೂಪಾಯಿಗೆ ಖರೀದಿ ಮಾಡುತ್ತಿತ್ತು, 2016-17ರ ಹೊತ್ತಿಗೆ ಬೆಲೆ 38 ರೂಪಾಯಿಗೆ ಬಂತು. ಕೋಟಿಗಟ್ಟಲೆ ಬಲ್ಬು ಒಮ್ಮೆಲೇ ಕೊಂಡದ್ದು ಅದಕ್ಕೆ ದೊಡ್ಡ ಕಾರಣ. ಒಬ್ಬೊಬ್ಬರೇ ಕೊಂಡರೆ ಆಗದ ಕೆಲಸ ಕೂಡಿ ಕೊಂಡರೆ ಆಗುತ್ತದೆ ಎಂಬುದು 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ತೋರಿಸಿದ ಮಾತೇ ಅಲ್ಲವೇ?

ಈಗ ಒಂದು ಲೆಕ್ಕ ಹಾಕೋಣ. ಪಾಟಿ ಮೇಲೆ ಬರೆದುಕೊಳ್ಳುವಷ್ಟು ಸಾದಾ ಲೆಕ್ಕ. ಒಂದು ಬೋರಿನಲ್ಲಿ ನೀರು 400 ಅಡಿ ಕೆಳಗಿದೆ, ಪಂಪು ಸೆಕೆಂಡಿಗೆ 2 ಲೀಟರ್ ಎತ್ತುತ್ತದೆ ಎಂದು ಹಿಡಿಯೋಣ. ತಾಸಿಗೆ 7200 ಲೀಟರ್ ಆಯಿತು. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೆ ನಿಜವಾಗಿ ಬೇಕಾದ ಶಕ್ತಿ ಸುಮಾರು 2.4 ಯೂನಿಟ್ ಮಾತ್ರ. ಆದರೆ ಮೂರು ನಾಲ್ಕು ಸಲ ವೈಂಡಿಂಗ್ ಆದ, ತೇಯ್ದುಹೋದ ಸೆಟ್ ನೂರಕ್ಕೆ 30ರಷ್ಟೇ ಕೆಲಸ ಮಾಡಿದರೆ ತಾಸಿಗೆ 8 ಯೂನಿಟ್ ತಿನ್ನುತ್ತದೆ. ಬೋರಿಗೆ ಹೊಂದುವ ಒಳ್ಳೆಯ ಸೆಟ್ ನೂರಕ್ಕೆ 50ರಷ್ಟು ಕೆಲಸ ಮಾಡಿದರೆ ಅದೇ ನೀರಿಗೆ 4.8 ಯೂನಿಟ್ ಸಾಕು. ತಾಸಿಗೆ 3.2 ಯೂನಿಟ್ ಉಳಿಯಿತು. ವರ್ಷಕ್ಕೆ ಸಾವಿರ ತಾಸು ಓಡಿಸಿದರೆ 3200 ಯೂನಿಟ್, ಒಂದೇ ಪಂಪಿಗೆ.

ಇಲ್ಲಿ ನೀವು ಕೇಳುವ ಪ್ರಶ್ನೆ ನಮಗೆ ಗೊತ್ತು. "ಹೊಲದ ಕರೆಂಟಿಗೆ ನಾವೇನು ಬಿಲ್ಲು ಕಟ್ಟತೀವಿ? ಉಳಿದರ ನಮಗೇನು?" ನಿಜ, 2008ರಿಂದ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಬಿಲ್ಲು ತೆಗೆದುಕೊಳ್ಳುವುದಿಲ್ಲ. ಯೂನಿಟ್ ಉಳಿದರೆ ದುಡ್ಡು ಉಳಿಯುವುದು ಸಹಾಯಧನ ಕೊಡುವ ಸರ್ಕಾರಕ್ಕೆ, ಹೆಸ್ಕಾಂಗೆ. ಹಾಗಾಗಿ ಹೊಲದ ಪಂಪಿನ ಒಪ್ಪಂದದಲ್ಲಿ ಇಬ್ಬರಲ್ಲ, ಮೂವರು ಪಾಲುದಾರರು: ಕಂಪನಿ, ಹೆಸ್ಕಾಂ, ರೈತ. ಕಾಗದ ಬರೆಯುವಾಗ ಮಾತ್ರ ಮೊದಲಿನ ಇಬ್ಬರೇ ಕೂಡುತ್ತಾರೆ, ಮೂರನೆಯವನ ಹೊಲಕ್ಕೆ ನೆಟ್ಟಗೆ ಕೆಲಸಗಾರರು ಬರುತ್ತಾರೆ. ಅದಾಗಬಾರದು.

ಕರೆಂಟ್ ಪುಕ್ಕಟೆ ಇರಬಹುದು, ಸುಟ್ಟ ಮೋಟಾರು ಪುಕ್ಕಟೆ ಅಲ್ಲ. ಬೋರಿನಿಂದ ಪಂಪು ಎತ್ತುವ ಕೂಲಿ, ವೈಂಡಿಂಗ್, ಬಂಡಿ ಬಾಡಿಗೆ, ಅಷ್ಟರೊಳಗೆ ಒಣಗುವ ಲಿಂಬಿ ಗಿಡ, ಇವೆಲ್ಲ ರೈತನ ಖರ್ಚು. ಒಂದು ಟಿ.ಸಿ. ಮೇಲಿನ ಎಲ್ಲ ಸೆಟ್ಟುಗಳು ಕಡಿಮೆ ಕರೆಂಟ್ ಎಳೆದರೆ ವೋಲ್ಟೇಜ್ ನಿಲ್ಲುತ್ತದೆ, ಮೋಟಾರು ಸುಡುವುದು ಕಡಿಮೆಯಾಗುತ್ತದೆ. ರೈತನ ಪಾಲು ಏನು ಎಂದರೆ ಹೊಸ ಸೆಟ್, ಒಪ್ಪಿದ ವರ್ಷಗಳ ರಿಪೇರಿ ಮತ್ತು ನಿಂತ ವೋಲ್ಟೇಜ್. ಅದು ಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ.

ಇನ್ನೊಂದು ಅಪಾಯವಿದೆ. ಹೊಸ ಪಂಪು ಬಂತೆಂದು ಹೆಚ್ಚು ನೀರು ಎಳೆದರೆ ಉಳಿದ ಯೂನಿಟ್ಟೆಲ್ಲ ಹೆಚ್ಚಿನ ನೀರೆತ್ತಲಿಕ್ಕೆ ಹೋಗುತ್ತದೆ. ಬೋರಿನ ನೀರು ಇನ್ನೂ ಕೆಳಗಿಳಿಯುತ್ತದೆ, ಮತ್ತೆ ದೊಡ್ಡ ಮೋಟಾರು ಬೇಕಾಗುತ್ತದೆ. ಕಂಪನಿಗೆ ಲುಕ್ಸಾನು, ಹೆಸ್ಕಾಂಗೆ ಲುಕ್ಸಾನು, ಕೊನೆಗೆ ನಮಗೇ ದೊಡ್ಡ ಲುಕ್ಸಾನು. ನಮ್ಮ ಸೀಮೆಯಲ್ಲಿ ಬೋರು ಬತ್ತಿ ಟ್ಯಾಂಕರ್ ನೀರು ಹಾಕಿ ಲಿಂಬಿ ಗಿಡ ಉಳಿಸಿಕೊಂಡ ಬೇಸಿಗೆಗಳನ್ನು ನಾವ್ಯಾರೂ ಮರೆತಿಲ್ಲ. ಆದ್ದರಿಂದ ಪಂಪು ಆರಿಸುವಾಗ "ಅಷ್ಟೇ ನೀರು, ಕಡಿಮೆ ಯೂನಿಟ್" ಎಂಬುದು ಕರಾರಾಗಬೇಕು. ಹನಿ ನೀರಾವರಿ ಇದ್ದವರಿಗೆ ಅದರ ಒತ್ತಡಕ್ಕೆ ಹೊಂದುವ ಸೆಟ್ ಬೇಕು, ಬರೀ ಎಚ್.ಪಿ. ನೋಡಿ ಕೊಡುವುದಲ್ಲ.

ಇಷ್ಟೆಲ್ಲ ವಿಚಾರ ಮಾಡಿ ಆಡಳಿತ ಮಂಡಳಿ ಐದು ಮಾತು ಗೊತ್ತು ಮಾಡಿಕೊಂಡಿದೆ. ಯಾವ ಕಂಪನಿ ಬರಲಿ, ಸರ್ಕಾರದ್ದೇ ಬರಲಿ, ಇವು ಇಲ್ಲದೆ ಸಂಘ ಸಹಿ ಹಾಕುವುದಿಲ್ಲ.

ಒಂದನೆಯದು, ಹಳೆಯ ಲೆಕ್ಕ ಮೊದಲು ಆಗಬೇಕು. ಹೊಸ ಸಾಮಾನು ಕೂಡಿಸುವ ಮುಂಚೆ ಇದ್ದ ಸೆಟ್ ಎಷ್ಟು ಯೂನಿಟ್ಟಿಗೆ ಎಷ್ಟು ನೀರು ಎತ್ತುತ್ತಿತ್ತು ಎಂದು ರೈತನ ಎದುರಿಗೆ ಅಳೆದು ಬರೆದು, ಒಂದು ಪ್ರತಿ ಆತನ ಕೈಯಲ್ಲಿ ಕೊಡಬೇಕು. ಹಳೆಯ ಖರ್ಚನ್ನು ಹೆಚ್ಚು ತೋರಿಸಿದರೆ ಉಳಿತಾಯವೂ ಹೆಚ್ಚು ಕಾಣುತ್ತದೆ. ಮೋಸ ಹೋಗುವ ಜಾಗ ಇದೇ.

ಎರಡನೆಯದು, ಅಳತೆಯನ್ನು ನಾವೂ ಮಾಡಬಲ್ಲೆವಾಗಿರಬೇಕು. ಅದಕ್ಕೆ ದೊಡ್ಡ ವಿದ್ಯೆ ಬೇಡ. 200 ಲೀಟರಿನ ಬ್ಯಾರಲ್ ಪೈಪಿನ ಬಾಯಿಗೆ ಇಟ್ಟು ಎಷ್ಟು ಸೆಕೆಂಡಿಗೆ ತುಂಬಿತು ನೋಡಿರಿ, ಒಂದು ತಾಸಿನ ಮೊದಲು ಮತ್ತು ಆಮೇಲೆ ಮೀಟರ್ ಓದಿರಿ. ನಾವು ಹೇಳಿದ ಲೆಕ್ಕದ ಬೋರಿನಲ್ಲಿ ಬ್ಯಾರಲ್ ನೂರು ಸೆಕೆಂಡಿಗೆ ತುಂಬುತ್ತದೆ. ಹಳೆಯ ಸೆಟ್ ಒಂದು ಯೂನಿಟ್ಟಿಗೆ 900 ಲೀಟರ್ ಎತ್ತಿದರೆ ಹೊಸದು 1500 ಲೀಟರ್ ಎತ್ತಬೇಕು. ನಾಲ್ಕನೇ ಇಯತ್ತೆ ಓದುವ ಹುಡುಗನೂ ಈ ಭಾಗಾಕಾರ ಮಾಡಬಲ್ಲ.

ಮೂರನೆಯದು, ಮಳೆ, ಬರದ ಹೊಂದಾಣಿಕೆ ಮೊದಲೇ ಬರೆದಿರಬೇಕು. ನೀರು ಕೆಳಗಿಳಿದರೆ ಒಳ್ಳೆಯ ಪಂಪಿಗೂ ಹೆಚ್ಚು ಯೂನಿಟ್ ಬೇಕು. ಮಳೆ ಆದ ವರ್ಷ ಪಂಪು ಓಡಿಸುವುದೇ ಕಡಿಮೆ, ಆಗ ಉಳಿದದ್ದು ಮಳೆಯಪ್ಪನ ಉಳಿತಾಯ, ಕಂಪನಿಯದಲ್ಲ. ಅಳೆಯುವ ದಿನ ಬೋರಿನ ನೀರಿನ ಮಟ್ಟವನ್ನೂ ಬರೆದಿಟ್ಟರೆ ಈ ಜಗಳ ಹುಟ್ಟುವುದಿಲ್ಲ.

ನಾಲ್ಕನೆಯದು, ಬೋರು ಬತ್ತಿದರೆ, ಪಂಪು ಸುಟ್ಟರೆ, ಕಂಪನಿ ಮುಳುಗಿದರೆ ಯಾರ ಹೊಣೆ ಎಂಬುದು ಸ್ಪಷ್ಟ ಇರಬೇಕು. ಪಂಪು ಕೆಟ್ಟರೆ ಎಷ್ಟು ದಿನದೊಳಗೆ ರಿಪೇರಿ ಎಂಬುದು ದಿನದ ಲೆಕ್ಕದಲ್ಲಿ ಇರಬೇಕು, "ಆದಷ್ಟು ಬೇಗ" ಎಂದು ಬರೆದರೆ ಬೆಳೆ ಕಾಯುವುದಿಲ್ಲ. ಕಾಗದ ಕನ್ನಡದಲ್ಲಿ ಇರಬೇಕು.

ಐದನೆಯದು, ಎಲ್ಲ ಲೆಕ್ಕ ತೆರೆದಿರಬೇಕು. ಕಾರ್ನ್‌ವಾಲಿನ ಗಣಿಯವರು ಮಾಡಿದಂತೆ ತಿಂಗಳಿಗೊಮ್ಮೆ ಸಂಘದ ಗೋಡೆಯ ಕರಿಹಲಗೆ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ನೀರು, ಗಿರಣಿಯಲ್ಲಿ ಒಂದು ಚೀಲ ಜೋಳಕ್ಕೆ ಎಷ್ಟು ಯೂನಿಟ್ ಎಂದು ಬರೆಯುತ್ತೇವೆ. ಕಂಪನಿಯ ಲೆಕ್ಕವನ್ನು ಕಂಪನಿಯವರೊಬ್ಬರೇ ಬರೆಯುವುದು ಬೇಡ, ಸಂಘದ ಲೆಕ್ಕವನ್ನು ಆಡಳಿತ ಮಂಡಳಿಯವರಷ್ಟೇ ನೋಡುವುದೂ ಬೇಡ.

ಬಂಧುಗಳೇ, ಕಂಪನಿ ಬರಲಿ ಎಂದು ಕಾಯುತ್ತ ಕೂಡುವುದೂ ಸರಿಯಲ್ಲ. ಕೆಲವು ಕೆಲಸಕ್ಕೆ ಯಾರ ಒಪ್ಪಂದವೂ ಬೇಡ. ಬಾವಿಯ ಪಂಪಿನ ಕಟ್ಟಿದ ಫುಟ್‌ವಾಲ್ವ್ ತೊಳೆಯುವುದು, ಸಣ್ಣ ಪೈಪಿನ ಜಾಗದಲ್ಲಿ ಸರಿಯಾದ ಅಳತೆಯ ಪೈಪು ಹಾಕುವುದು, ಬೇಡದ ಬೆಂಡು ತೆಗೆಯುವುದು, ಐ.ಎಸ್.ಐ. ಗುರುತಿನ ಕೆಪಾಸಿಟರ್ ಕೂಡಿಸುವುದು. ನಮ್ಮನ್ನು ಮೋಸ ಮಾಡಿದ ಡಬ್ಬಿಯೊಳಗಿದ್ದ ಕೆಪಾಸಿಟರೇ ಮೋಟಾರಿನ ಹತ್ತಿರ ಸರಿಯಾಗಿ ಕೂಡಿಸಿದರೆ ಟಿ.ಸಿ. ಮೇಲಿನ ಭಾರ ಇಳಿಸುತ್ತದೆ. ಸಾಮಾನು ಕೆಟ್ಟದ್ದಿರಲಿಲ್ಲ, ಕೊಟ್ಟ ಮಾತು ಸುಳ್ಳಿತ್ತು.

ಮೊದಲ ಹೆಜ್ಜೆಯಾಗಿ ಸಂಘ ತನ್ನ ಸ್ವಂತ ಆಸ್ತಿಯಿಂದಲೇ ಶುರು ಮಾಡುತ್ತದೆ. ಗಿರಣಿ, ಗೋದಾಮಿನ ದೀಪ, ಕುಡಿಯುವ ನೀರಿನ ಘಟಕದ ಪಂಪು, ಈ ಮೂರಕ್ಕೂ ನಾವೇ ಬಿಲ್ಲು ಕಟ್ಟುತ್ತೇವೆ. ಅಲ್ಲಿ ಉಳಿದ ರೂಪಾಯಿ ನೇರ ನಿಮ್ಮ ಸಂಘದ ರೂಪಾಯಿ. ಒಂದು ವರ್ಷ ಪೂರ್ತಿ ಅಳತೆ ಬರೆದಿಟ್ಟು ಮುಂದಿನ ಮಹಾಸಭೆಯಲ್ಲಿ ಓದುತ್ತೇವೆ. ಆಮೇಲೆ ಕಂಪನಿಯವರನ್ನು ಕರೆಯಬೇಕೋ ಬೇಡವೋ ಎಂಬುದನ್ನು ನೀವು ಕೈ ಎತ್ತಿ ಹೇಳಬೇಕು. ಹೊಲದ ಪಂಪಿನ ಮಾತು ಅದರ ನಂತರ, ಹೆಸ್ಕಾಂನವರನ್ನೂ ಕೂಡಿಸಿಕೊಂಡು. ಮೊನ್ನೆಯ ಮಂಡಳಿ ಸಭೆಯಲ್ಲಿ ನಮ್ಮೊಳಗೇ ಒಬ್ಬರು "ಇಷ್ಟು ನಿಧಾನ ಮಾಡಿದರ ಯೋಜನಾ ಬ್ಯಾರೆ ಊರಿಗೆ ಹೋಗ್ತದ" ಅಂದರು. ಹೋದರೆ ಹೋಗಲಿ. ಒಮ್ಮೆ ಅವಸರ ಮಾಡಿ ನೋಡಿದ್ದೇವೆ.

ಠೇವಣಿ ತೆಗೆದುಕೊಂಡು ಹೋದ ಆ ಹಿರಿಯರು ಇವತ್ತು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಬಂದದ್ದಕ್ಕೆ ಶರಣು. ಅವರಲ್ಲಿ ನಮ್ಮದೊಂದು ವಿನಂತಿ. ಕಾಕಾ, ಗಿರಣಿಯ ಮೊದಲನೇ ಅಳತೆ ಮಾಡುವ ದಿನ ನೀವು ಬರಬೇಕು, ಮೀಟರ್ ನೀವೇ ಓದಬೇಕು, ಕರಿಹಲಗೆ ಮೇಲೆ ಮೊದಲ ಅಂಕಿ ನಿಮ್ಮ ಕೈಯಿಂದಲೇ ಬರೀಬೇಕು. ಠೇವಣಿ ವಾಪಸು ಇಡುವ ಮಾತು ಆಮೇಲೆ ನಿಮಗೆ ಬಿಟ್ಟದ್ದು.



ಜೈ ಸಹಕಾರ.